ಯಾವ ಮಗುವಿನ ಸೀಟು, ಅಣ್ಣ?

ಈ ಸಲ ಹಾಸನಾಂಬೆ ದರ್ಶನಕ್ಕೆ ಬಂದ ನೆಂಟರಲ್ಲಿ ಆರು ಜನ ನಮ್ಮ ಮನೆಯಲ್ಲೇ ಉಳಿದಿದ್ದರು. ರಾತ್ರಿ ಊಟ ಮುಗಿಸಿ ಎಲ್ಲರೂ ಹಾಲ್‌ನಲ್ಲಿ ಕೂತಿದ್ದೆವು. ನಮ್ಮ ದೊಡ್ಡಪ್ಪನ ಮಗ ಟೀಪಾಯಿ ಮೇಲಿದ್ದ ಪುಸ್ತಕ ಎತ್ತಿ ನೋಡಿದರು. 11ನೇ ತರಗತಿಯ ಜೀವಶಾಸ್ತ್ರ.

"ಮಗಳು ಇನ್ನೂ ಒಂಬತ್ತನೇ ಕ್ಲಾಸ್ ಅಲ್ವಾ? ಈಗಲೇ ಓದಿಸ್ತಿದ್ದೀಯಾ?" ಎಂದರು.

"ಇಲ್ಲಣ್ಣ, ಅದು ನಂದು. ನೀಟ್ ಬರೀತಿದ್ದೀನಿ. ಬಿಡಿಎಸ್ ಮಾಡಬೇಕು, ಹಲ್ಲಿನ ಡಾಕ್ಟರ್ ಆಗಬೇಕು ಅಂತ" ಎಂದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಣ್ಣ ಮೆಲ್ಲಗೆ ಕೇಳಿದರು: "37 ಆಯ್ತು ನಿಂಗೆ. ಈ ವಯಸ್ಸಲ್ಲಿ ಯಾವುದೋ ಮಗುವಿನ ಸೀಟು ಕಿತ್ಕೊಳ್ಳೋದು ಸರೀನಾ ತಾಯಿ?"

ಬೈದಿದ್ದರೆ ಮರೆತುಬಿಡುತ್ತಿದ್ದೆ. ಪ್ರೀತಿಯಿಂದಲೇ ಕೇಳಿದರು. ಹಾಗಾಗಿ ಅದು ಒಳಗೆ ಕೂತುಬಿಟ್ಟಿತು. ಅವತ್ತು ನನಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇವತ್ತು ಇಲ್ಲಿ ಬರೆಯುತ್ತಿದ್ದೇನೆ. ಅಣ್ಣನೂ ಓದುತ್ತಾರೆ, ಅದೇ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡ ಬೇರೆಯವರೂ ಓದಲಿ.

ಗೊತ್ತಿಲ್ಲದವರಿಗೆ ನನ್ನ ಹಿನ್ನೆಲೆ ಹೇಳಿಬಿಡುತ್ತೇನೆ. ಊರು ಆಲೂರು ತಾಲ್ಲೂಕು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮ, ಸರ್ಕಾರಿ ಶಾಲೆ. 2006ರಲ್ಲಿ ಪಿಯುಸಿ, ಪಿಸಿಎಂಬಿ. ಸಿಇಟಿ ಬರೆದೆ. ಆ ವರ್ಷ ಅಪ್ಪನಿಗೆ ಹುಷಾರಿರಲಿಲ್ಲ, ತಂಗಿ ಇನ್ನೂ ಹೈಸ್ಕೂಲಲ್ಲಿದ್ದಳು. ಹಾಸನದ ಸರ್ಕಾರಿ ವಿಜ್ಞಾನ ಕಾಲೇಜಿಗೆ ಬಿಎಸ್‌ಸಿಗೆ ಸೇರಿದೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ಮುಗಿಸಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಗೆ, ಕೆಲಸಕ್ಕೆ ಸೇರಿದೆ. 14 ವರ್ಷ ಅಲ್ಲೇ ಇದ್ದೇನೆ, ಕ್ವಾಲಿಟಿ ವಿಭಾಗದಲ್ಲಿ. ತೋಟದಿಂದ ಬಂದ ಕಾಫಿಯ ಸ್ಯಾಂಪಲ್ ತೆಗೆದು ತೇವಾಂಶ ನೋಡುವುದು, ಅದರಿಂದ ಎಷ್ಟು ಬೀಜ ಸಿಗುತ್ತದೆ ಎಂಬ ಔಟ್‌ಟರ್ನ್ ಲೆಕ್ಕ ಹಾಕುವುದು, ಜರಡಿ ಹಿಡಿದು ಎ, ಬಿ, ಸಿ, ಪಿಬಿ (ದುಂಡನೆಯ ಒಂಟಿ ಬೀಜ) ಎಂಬ ದರ್ಜೆಗಳಾಗಿ ಬೇರೆ ಮಾಡುವುದು, ಕಪ್ಪು ಬೀಜ, ಒಡೆದ ಬೀಜ, ಹುಳುಕು ಬೀಜ ಎಷ್ಟಿವೆ ಎಂದು ಎಣಿಸುವುದು.

ಈ ಹುಳುಕು ಬೀಜದ ಬಗ್ಗೆ ಸ್ವಲ್ಪ ಹೇಳಬೇಕು. ಬೋರರ್ ಹುಳ ಕೊರೆದ ಕಾಫಿ ಬೀಜದಲ್ಲಿ ಹೊರಗೆ ಕಾಣುವುದು ಸೂಜಿ ಮೊನೆಯಷ್ಟು ತೂತು. ಸುಮ್ನೆ ನೋಡಿದರೆ ಬೀಜ ಚೆನ್ನಾಗೇ ಇದೆ ಅನ್ನಿಸುತ್ತದೆ. ಸೀಳಿ ನೋಡಿದರೆ ಒಳಗೆ ಪೊಳ್ಳು. ಹಲ್ಲೂ ಹೀಗೇ ಹಾಳಾಗುತ್ತದೆ ಎಂದು ನನಗೆ ಮೊದಲು ತೋರಿಸಿದವರು ದಂತ ಕಾಲೇಜಿನ ಆಸ್ಪತ್ರೆಯಲ್ಲಿದ್ದ ಒಬ್ಬ ಹುಡುಗಿ, ಅಲ್ಲಿಯ ವಿದ್ಯಾರ್ಥಿನಿ. ಮೇಲಿನ ಎನಾಮೆಲ್ ಗಟ್ಟಿ, ಅಲ್ಲಿ ದಾರಿ ಸಣ್ಣದು. ಅದರ ಕೆಳಗಿನ ಡೆಂಟಿನ್ ಮೆತ್ತಗೆ, ಅಲ್ಲಿಗೆ ಹೋದ ಮೇಲೆ ಅಗಲಕ್ಕೆ ಹರಡುತ್ತದೆ. ನಮ್ಮ ಭಾಷೆ ಎರಡಕ್ಕೂ ಒಂದೇ ಮಾತು ಇಟ್ಟುಕೊಂಡಿದೆ, ಹುಳುಕು. ಕಾಫಿಯಲ್ಲಿ ನಿಜವಾಗಿಯೂ ಹುಳ ಇರುತ್ತದೆ. ಹಲ್ಲಿನಲ್ಲಿ ಹುಳ ಇಲ್ಲ, ಸಕ್ಕರೆ ತಿಂದು ಆಮ್ಲ ಬಿಡುವ ಬ್ಯಾಕ್ಟೀರಿಯಾ ಇವೆ. ಆ ಹುಡುಗಿ ಎಕ್ಸ್‌ರೇ ತೋರಿಸಿದಾಗ ನನಗೆ ಮೈ ಜುಮ್ಮೆಂದಿತು. ಅಷ್ಟು ವರ್ಷ ಬೆರಳ ತುದಿಯಲ್ಲಿ ಹಿಡಿದು ನೋಡಿದ್ದನ್ನೇ ಅವಳು ಬೆಳಕಿನ ಮುಂದೆ ಹಿಡಿದು ತೋರಿಸುತ್ತಿದ್ದಳು.

ನಾನು ಅಲ್ಲಿಗೆ ಹೋಗಿದ್ದು ನನ್ನ ಹಲ್ಲಿಗಲ್ಲ. ನಮ್ಮಲ್ಲಿ ಬೀಜ ಆರಿಸುವ ಒಬ್ಬ ಅಕ್ಕನನ್ನು ಕರೆದುಕೊಂಡು ಹೋಗಿದ್ದೆ. ಹಿಂದೆ ಬೀಜ ಆರಿಸಲು ಸಾಲು ಸಾಲಾಗಿ ಹೆಂಗಸರು ಕೂರುತ್ತಿದ್ದರು. ಬಣ್ಣ ನೋಡಿ ಬೇರೆ ಮಾಡುವ ಯಂತ್ರ ಬಂದ ಮೇಲೆ ಕಡಿಮೆಯಾದರು. ಉಳಿದವರಲ್ಲಿ ಈ ಅಕ್ಕ ಒಬ್ಬರು. ಬೆಳಿಗ್ಗೆಯಿಂದ ಸಂಜೆವರೆಗೆ ಬಾಯಲ್ಲಿ ಎಲೆ ಅಡಿಕೆ, ಕಡ್ಡಿಪುಡಿ. ಹಸಿವಾಗಲ್ಲ, ನಿದ್ದೆ ಬರಲ್ಲ, ಕೈ ಓಡುತ್ತೆ ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ಮಧ್ಯಾಹ್ನ ಊಟಕ್ಕೆ ಕೂತಾಗ ಸಾರು ಅನ್ನ ಬಿಟ್ಟು ಬರೀ ಮಜ್ಜಿಗೆ ಅನ್ನ ತಿನ್ನಲು ಶುರು ಮಾಡಿದರು. ಖಾರ ಬಾಯಿಗಿಟ್ಟರೆ ಉರಿ. ಆಮೇಲೆ ಒಂದು ದಿನ ಮುದ್ದೆ ತಿನ್ನಲು ಆಗುತ್ತಿಲ್ಲ ಎಂದರು. ತುತ್ತು ಒಳಗೆ ಹೋಗುವಷ್ಟು ಬಾಯಿ ತೆರೆಯುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಮಾಡಿದ್ದು ಬಹಳ ಸರಳ ಪರೀಕ್ಷೆ. ಮಧ್ಯದ ಮೂರು ಬೆರಳು ಒಂದರ ಮೇಲೊಂದು ಬರುವಂತೆ ಜೋಡಿಸಿ ಬಾಯಿಗೆ ಇಟ್ಟುಕೊಳ್ಳಿ ಎಂದರು. ಸಾಮಾನ್ಯವಾಗಿ ಮೂರೂ ಹೋಗುತ್ತವೆ. ಇದನ್ನು ಓದುತ್ತಿರುವವರು ಈಗಲೇ ಮಾಡಿ ನೋಡಿ. ಅಕ್ಕನಿಗೆ ಒಂದೇ ಬೆರಳು ಹೋಯಿತು. ಕೆನ್ನೆಯ ಒಳಚರ್ಮದ ಕೆಳಗೆ ನಾರು ಕಟ್ಟಿಕೊಂಡು ಗಡುಸಾಗುವ ಕಾಯಿಲೆ ಅದು. ಕಾರಣ ಅಡಿಕೆ. ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗುತ್ತದೆ. ಅಭ್ಯಾಸ ಬಿಟ್ಟು ಬಾಯಿಗೆ ವ್ಯಾಯಾಮ ಕೊಟ್ಟರೆ ಮುಂದಕ್ಕೆ ಹೋಗುವುದನ್ನು ತಡೆಯಬಹುದು, ಆದರೆ ಮೊದಲಿನ ಹಾಗೆ ಪೂರ್ತಿ ಸರಿಹೋಗುವುದು ಕಷ್ಟ.

ಹೊಗೆಸೊಪ್ಪು ಕೆಟ್ಟದ್ದು ಎಂದು ಎಲ್ಲರಿಗೂ ಗೊತ್ತು. ತಂಬಾಕು ಇಲ್ಲದ ಬರೀ ಅಡಿಕೆಯೂ ಇದನ್ನು ಮಾಡುತ್ತದೆ ಎಂದು ಹೇಳಲು ನಮ್ಮ ಕಡೆ ಹಿಂಜರಿಯುತ್ತಾರೆ. ಅಡಿಕೆ ತೋಟದ ನೆಂಟರು ನನಗೂ ಇದ್ದಾರೆ. ಅವರ ಮನೆ ಊಟ ಉಂಡೇ ಬೆಳೆದಿದ್ದೇನೆ. ಆದರೂ ಹೇಳುತ್ತೇನೆ, ಯಾಕೆಂದರೆ ಆ ಒಂದು ಬೆರಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲ ಒಂದು ಪೌಚ್, ತಂಬಾಕು ಒಂದು ಪೌಚ್. ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡರೆ ಮುಗಿಯಿತು.

ಅವತ್ತು ಬಸ್‌ನಲ್ಲಿ ವಾಪಸ್ ಬರುವಾಗ ಅಕ್ಕ ಕೇಳಿದರು, "ಇದನ್ನ ಐದು ವರ್ಷದ ಹಿಂದೆ ಯಾರಾದ್ರೂ ನಮ್ಮೂರಲ್ಲಿ ಹೇಳಿದ್ರೆ ಬಿಡ್ತಿದ್ನೋ ಏನೋ, ಅಲ್ವಾ ಮೇಡಂ?" ನಾನು ಬಿಡಿಎಸ್ ಬಗ್ಗೆ ಯೋಚಿಸಲು ಶುರು ಮಾಡಿದ್ದು ಆ ಬಸ್‌ನಲ್ಲಿ.

ಯೋಚಿಸಿದ ಹಾಗೆಲ್ಲ ಊರಿನ ಬಾಯಿಗಳು ನೆನಪಾದವು. ಆರು ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಒಂದು ದವಡೆ ಹಲ್ಲು ಬರುತ್ತದೆ. ಅದು ಬರಲು ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಅದೂ ಹಾಲುಹಲ್ಲು, ಹುಳುಕಾದರೆ ಬಿದ್ದು ಹೊಸದು ಬರುತ್ತೆ ಎಂದುಕೊಳ್ಳುತ್ತೇವೆ. ಬರುವುದಿಲ್ಲ, ಅದೇ ಕೊನೆಯದು. ನನ್ನ ಮಗಳದ್ದೂ ಹೀಗೇ ಒಂದು ಹೋಯಿತು, ಗೊತ್ತಿಲ್ಲದೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತೆ ಎಂಬ ತಪ್ಪು ನಂಬಿಕೆಯಿಂದ ನಮ್ಮತ್ತೆ ವರ್ಷಗಟ್ಟಲೆ ಲವಂಗ ಇಟ್ಟುಕೊಂಡು ನೋವು ತಿಂದರು. ಅರಸೀಕೆರೆ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಒಂದು ಲೀಟರ್ ನೀರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬ ಮಿತಿ ಇದೆ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ. ಹಲ್ಲು ವಸಡಿನೊಳಗೆ ತಯಾರಾಗುವಾಗಲೇ ಬೀಳುವ ಗೆರೆ ಅದು, ಎಷ್ಟು ಉಜ್ಜಿದರೂ ಹೋಗಲ್ಲ. ಹೆಣ್ಣು ನೋಡಲು ಬಂದವರು ಆ ಹುಡುಗಿಯರನ್ನೇ "ಹಲ್ಲುಜ್ಜಲ್ವಾ" ಎಂದು ಕೇಳುತ್ತಾರೆ. ನನ್ನ ಸಹೋದ್ಯೋಗಿಯೊಬ್ಬಳು ಇವತ್ತಿಗೂ ಸೆರಗು ಅಡ್ಡ ಹಿಡಿದೇ ನಗುತ್ತಾಳೆ.

ಇನ್ನು ಕಾನೂನಿನ ವಿಷಯ. ತುಂಬ ಜನರಿಗೆ ಇದು ಗೊತ್ತಿಲ್ಲ. ಕೆಲವು ವರ್ಷ ನೀಟ್‌ಗೆ 25 ವರ್ಷದ ಮಿತಿ ಇತ್ತು, ಮೀಸಲಾತಿ ಇರುವವರಿಗೆ 30. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2022ರ ಪರೀಕ್ಷೆಯಿಂದ ಮೇಲಿನ ಮಿತಿಯನ್ನು ತೆಗೆದುಹಾಕಿದರು. ಡಿಸೆಂಬರ್ 31ಕ್ಕೆ 17 ತುಂಬಿರಬೇಕು, ಅಷ್ಟೇ. ಎಷ್ಟು ಸಲ ಬೇಕಾದರೂ ಬರೆಯಬಹುದು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲಾತಿಗೆ ಶೇ 40 ಇರಬೇಕು. ನನ್ನ ಅಂಕಪಟ್ಟಿಗೆ ಈಗ 19 ವರ್ಷ. ಅದು ಇವತ್ತಿಗೂ ಚಲಾವಣೆಯಲ್ಲಿದೆ.

2025ರ ಮೇ 4ರಂದು ಮೊದಲ ಸಲ ಬರೆದೆ. 180 ಪ್ರಶ್ನೆ, 180 ನಿಮಿಷ, 720 ಅಂಕ. ತಪ್ಪು ಉತ್ತರಕ್ಕೆ ಒಂದು ಅಂಕ ಕಟ್. ಆ ಸಲದ ಭೌತಶಾಸ್ತ್ರ ಬರೆದ ಮಕ್ಕಳೆಲ್ಲ ಅತ್ತಿದ್ದು ನಿಮಗೆ ನೆನಪಿರಬಹುದು. ಸಾಮಾನ್ಯ ವರ್ಗದಲ್ಲಿ ಅರ್ಹತೆಗೆ 144 ಬೇಕಿತ್ತು. ನನಗೆ 231 ಬಂತು. ಅರ್ಹತೆ ಸಿಕ್ಕಿತು, ನಾನು ಕಟ್ಟಬಹುದಾದ ಶುಲ್ಕಕ್ಕೆ ಸೀಟು ಸಿಗಲಿಲ್ಲ. ಸರ್ಕಾರಿ ಕೋಟಾಕ್ಕೂ ಖಾಸಗಿ ಕೋಟಾಕ್ಕೂ ಶುಲ್ಕದಲ್ಲಿ ಬಹಳ ಅಂತರ ಇದೆ. ಮುಂದಿನ ವರ್ಷ ಮತ್ತೆ ಬರೆಯುತ್ತೇನೆ.

ಓದು ಕಷ್ಟವೇ. ನಾನು ಪಿಯುಸಿ ಮಾಡಿದಾಗ ಇದ್ದ ಪಠ್ಯವೇ ಈಗಿಲ್ಲ, 2012ರಿಂದ ನಮ್ಮ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಬಂತು. ಜೀವಶಾಸ್ತ್ರ ಪ್ರೀತಿಯಿಂದ ಓದುತ್ತೇನೆ, ಅದೇ ಅರ್ಧ ಪತ್ರಿಕೆ. ಭೌತಶಾಸ್ತ್ರಕ್ಕೆ ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಪರೀಕ್ಷೆ ಬರುವುದು ಮೇ ತಿಂಗಳು, ಕ್ಯೂರಿಂಗ್‌ನಲ್ಲಿ ಕೆಲಸ ಜಾಸ್ತಿ ಇರುವ ಕಾಲವೂ ಅದೇ.

ಓದಿಗಿಂತ ನನ್ನನ್ನು ಹೆಚ್ಚು ಕುಗ್ಗಿಸಿದ್ದು ಒಂದು ಬ್ಯಾಂಕಿನಲ್ಲಿ ಕಳೆದ ಅರ್ಧ ಗಂಟೆ. ಶಿಕ್ಷಣ ಸಾಲದ ಬಗ್ಗೆ ಕೇಳಲು ಹೋಗಿದ್ದೆ. "ತಂದೆಯವರನ್ನು ಕರೆದುಕೊಂಡು ಬನ್ನಿ" ಎಂದರು. ಅಪ್ಪ ತೀರಿಹೋಗಿ 14 ವರ್ಷವಾಯಿತು. ಅದನ್ನು ಅಪರಿಚಿತರ ಮೇಜಿನ ಮುಂದೆ ನಿಂತು ಹೇಳುವಾಗ ಗಂಟಲು ಕಟ್ಟಿತು. ಗಂಡ ಸಹಿ ಹಾಕಬಹುದು ಎಂದು ಕೊನೆಗೆ ಗೊತ್ತಾಯಿತು. 7.5 ಲಕ್ಷದವರೆಗೆ ಅಡಮಾನ ಬೇಡ ಎಂದೂ ಗೊತ್ತಾಯಿತು. ಆಮೇಲೆ ಅವರು, "ಸಾಲ ತೀರುವಾಗ ನಿಮಗೆ ಎಷ್ಟಾಗುತ್ತೆ ಮೇಡಂ?" ಎಂದು ಕೇಳಿದರು. ಮನೆಗೆ ಬಂದು ಲೆಕ್ಕ ಹಾಕಿದೆ. 38ಕ್ಕೆ ಸೇರಿದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, 43. ಒಂದು ವರ್ಷ ಬಿಡುವು, ಆಮೇಲೆ 15 ವರ್ಷ ಕಂತು. 59. ಇದೇ ಊರಲ್ಲಿ 59ರ ನಂತರವೂ ಕ್ಲಿನಿಕ್ ನಡೆಸುವ ಹಲ್ಲಿನ ಡಾಕ್ಟರುಗಳನ್ನು ನಾನು ನೋಡಿದ್ದೇನೆ. ಆ ಅಧಿಕಾರಿ ಕೆಟ್ಟವರಲ್ಲ. ಅವರ ಕೈಯಲ್ಲಿದ್ದ ಅರ್ಜಿಯನ್ನು 18 ವರ್ಷದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ. ವಯಸ್ಸಿನ ಮಿತಿ ತೆಗೆದ ಮೇಲೆ ಅರ್ಜಿಯನ್ನೂ ಬದಲಾಯಿಸಬೇಕಿತ್ತು ಎಂಬುದು ನನ್ನ ದೂರು.

ಹಾಗೆಯೇ ಒಳ್ಳೆಯದೂ ಆಯಿತು. ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು ಎಂದು ಊರಿನ ಶಾಲೆಗೆ ಹೋದೆ. ಹೆಡ್‌ಮಾಸ್ಟರ್ ಮೇಷ್ಟ್ರು ನನಗಿಂತ ಚಿಕ್ಕವರು. 1994ರ ದಾಖಲಾತಿ ಪುಸ್ತಕ ಹುಡುಕಿ ಧೂಳು ಒರೆಸಿ ತೆಗೆದರು. ಅಪ್ಪನ ಸಹಿ ಇತ್ತು, ನೀಲಿ ಶಾಯಿ. ನನಗಿನ್ನೂ ಆ ಸಹಿ ಕಣ್ಣ ಮುಂದಿದೆ. ಮೇಷ್ಟ್ರು ಏನೂ ಕೇಳದೆ ಬರೆದುಕೊಟ್ಟು, "ಡಾಕ್ಟರ್ ಆದ್ಮೇಲೆ ವರ್ಷಕ್ಕೊಂದ್ಸಲ ಬಂದು ಮಕ್ಕಳ ಹಲ್ಲು ನೋಡಿ ಅಕ್ಕ" ಎಂದರು.

ಈಗ ಅಣ್ಣನ ಪ್ರಶ್ನೆ. ದಂತ ವೈದ್ಯಕೀಯದಲ್ಲಿ ಖಾಸಗಿ ಸೀಟುಗಳು ಎಷ್ಟೋ ಸಲ ಖಾಲಿ ಬಿದ್ದಿವೆ. 2020-21ರಲ್ಲಿ ದೇಶದಲ್ಲಿ ಸುಮಾರು 7,000 ಬಿಡಿಎಸ್ ಸೀಟು ಖಾಲಿ ಉಳಿದಿದ್ದವು. ಅರ್ಹತೆಯ ಅಂಚನ್ನು 10 ಪರ್ಸೆಂಟೈಲ್ ಇಳಿಸಿ ತುಂಬಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅಂಥ ಸೀಟಿನಲ್ಲಿ ನಾನು ಕೂತರೆ ಯಾವ ಮಗುವಿನದ್ದು ಹೋಗುತ್ತದೆ?

ಆದರೆ ಇಲ್ಲಿಗೇ ನಿಲ್ಲಿಸಿದರೆ ನಾನು ಪ್ರಾಮಾಣಿಕಳಾಗುವುದಿಲ್ಲ. ಬೆಂಗಳೂರು, ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿನ ಸೀಟಿಗೆ, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಪೈಪೋಟಿ ಇದೆ. ಅದು ನನಗೆ ಸಿಕ್ಕರೆ 18 ವರ್ಷದ ಒಬ್ಬರಿಗೆ ಸಿಗುವುದಿಲ್ಲ, ನಿಜ. ಆ ಮಗುವಿನ ಬಗ್ಗೆ ತುಂಬ ಯೋಚಿಸಿದ್ದೇನೆ. 2006ರಲ್ಲಿ ನಾನೇ ಆ ಮಗು. ಆದರೂ ಸೀಟು ಸಿಕ್ಕರೆ ಬಿಡುವುದಿಲ್ಲ. ನಾನೂ ಅದೇ ಕೊಠಡಿಯಲ್ಲಿ, ಅದೇ ಓಎಂಆರ್ ಹಾಳೆ ತುಂಬಿದವಳು. ಆ ಸೀಟಿನ ಹಿಂದೆ ಇನ್ನೊಂದು ಸಾಲು ಇದೆ, ಅಣ್ಣ. ಒಂದು ಬೆರಳಷ್ಟೇ ಬಾಯಿ ತೆರೆಯುವವರ ಸಾಲು. ಅವರ ಹತ್ತಿರ ಯಾರು ಹೋಗಿ ಕೂರುತ್ತಾರೆ ಎಂಬ ಲೆಕ್ಕವೂ ಸೇರಬೇಕು. ನಾನು ಬಿಡಿಎಸ್ ಆದ ಮೇಲಿನ ಎಂಡಿಎಸ್ ಮಾಡಲ್ಲ, ಬೆಂಗಳೂರಿಗೆ ಹೋಗಲ್ಲ. ಮನೆ, ಅತ್ತೆ, ಮಗಳು ಎಲ್ಲ ಇಲ್ಲೇ. ಆಲೂರಿನಲ್ಲಿ ಕುರ್ಚಿ ಹಾಕುತ್ತೇನೆ. ಎಲೆ ಅಡಿಕೆ ಹಾಕುವ ಅಕ್ಕಂದಿರಿಗೆ ಹೇಗೆ ಮಾತಾಡಿಸಿದರೆ ಸಿಟ್ಟು ಬರುತ್ತದೆ, ಹೇಗೆ ಮಾತಾಡಿಸಿದರೆ ಬಾಯಿ ತೆರೆಯುತ್ತಾರೆ ಎಂದು 14 ವರ್ಷ ಅವರ ಜೊತೆ ಕೂತು ಕಲಿತಿದ್ದೇನೆ. ಇದು ಯಾವ ಪಠ್ಯದಲ್ಲೂ ಇಲ್ಲ.

ನನ್ನ ಹಾಗೇ ಯೋಚಿಸುತ್ತಿರುವವರಿಗೆ ಒಂದು ಮಾತು. ಮನೆಯಲ್ಲಿ ಮೊದಲು ದುಡ್ಡಿನ ಲೆಕ್ಕ ಬಿಚ್ಚಿಡಿ. ನಾನು ನನ್ನ ಯಜಮಾನರ ಜೊತೆ ನಾಲ್ಕು ಭಾನುವಾರ ಕೂತು ಮಾಡಿದೆ. ನನ್ನ ಸಂಬಳ ಐದು ವರ್ಷ ಇರುವುದಿಲ್ಲ ಎಂಬ ಸಾಲನ್ನು ಅವರೇ ಬರೆದರು. ಬರೆದು, "ಸರಿ, ಮುಂದಿನದು ಹೇಳು" ಎಂದರು. ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. 40ರ ಸುಮಾರಿಗೆ ಹತ್ತಿರದ್ದು ಮಬ್ಬಾಗುತ್ತದೆ, ಇದು ಕೈ ಮತ್ತು ಕಣ್ಣಿನ ಕೆಲಸ. ಮೊದಲ ವರ್ಷವೇ ಮೇಣದಲ್ಲಿ ಹಲ್ಲು ಕೆತ್ತಿಸುತ್ತಾರೆ. ಅದನ್ನು ನೆನೆಸಿಕೊಂಡರೆ ನನಗೆ ಖುಷಿಯಾಗುತ್ತದೆ. ಕಾಫಿ ಬೀಜ ಹಿಡಿದ ಬೆರಳುಗಳಿಗೆ ಅದು ತೀರಾ ಹೊಸದಾಗಿರಲ್ಲ.

ಹಾಸನ, ಆಲೂರು, ಸಕಲೇಶಪುರ, ಬೇಲೂರು ಕಡೆ 30 ದಾಟಿ ನೀಟ್ ಓದುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಇಲ್ಲಿ ಬರೆಯಿರಿ. ಭಾನುವಾರ ಬೆಳಿಗ್ಗೆ ಮಹಾರಾಜ ಪಾರ್ಕ್‌ನಲ್ಲಿ ಕೂತು ಭೌತಶಾಸ್ತ್ರದ ಲೆಕ್ಕ ಮಾಡೋಣ. ನಾನು ವಿದ್ಯುತ್ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೇನೆ. ಜೀವಶಾಸ್ತ್ರ ಬೇಕಾದವರಿಗೆ ನಾನು ಹೇಳಿಕೊಡುತ್ತೇನೆ.