ಹಂಬರ್ಟೋ ಸಮುದ್ರದಲ್ಲಿ, ಭೀಮೆ ಹೊಲದಲ್ಲಿ

2025ರ ಸೆಪ್ಟೆಂಬರ್ ಕೊನೆಯ ವಾರ. ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾದಲ್ಲಿ, ನಮ್ಮ ಮನೆ ಟೀವಿಯಲ್ಲಿ ಹಂಬರ್ಟೋ ಎಂಬ ಚಂಡಮಾರುತ ಗಿರಗಿರ ತಿರುಗುತ್ತಿತ್ತು. ಕ್ಯಾಟಗರಿ 5, ಅಂದರೆ ಎಲ್ಲಕ್ಕಿಂತ ಜೋರಿನದು. ಎಲ್ಲಿದೆಯಪ್ಪಾ ಅಂದರೆ ಅಟ್ಲಾಂಟಿಕ್ ಸಮುದ್ರದ ನಡುವೆ. ಅದರ ಹಿಂದೆಯೇ ಇಮೆಲ್ಡಾ. ಕೊನೆಗೆ ಎರಡೂ ಅಮೆರಿಕದ ದಡ ಹತ್ತಲಿಲ್ಲ. ಆದರೂ ಬೆಳಿಗ್ಗೆ ಎದ್ದರೆ ಅದೇ, ರಾತ್ರಿ ಮಲಗುವಾಗಲೂ ಅದೇ.

ಅದೇ ದಿನಗಳಲ್ಲಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ನಮ್ಮ ಹೊಲಕ್ಕೆ ಭೀಮೆ ನುಗ್ಗಿದ್ದಳು. ಘತ್ತರಗಿ ಭಾಗ್ಯವಂತಿ ಗುಡಿಗೆ ನೀರು ಹೊಕ್ಕಿತ್ತು. ಕಟ್ಟಿಸಂಗಾವಿ ಸೇತುವೆ ಮೇಲೆ ಓಡಾಟ ಬಂದ್. ಅಣ್ಣನಿಗೆ ಫೋನ್ ಹಚ್ಚಿದರೆ ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ. ಕನ್ನಡ ಚಾನೆಲ್ ಹಾಕಿಕೊಂಡು ಕೂತೆ. ದಸರಾ, ಆಮೇಲೆ ರಾಜಕೀಯ, ಮತ್ತೆ ದಸರಾ. ಕಲಬುರಗಿ ಬಂದದ್ದು ಪರದೆಯ ಕೆಳಗೆ ಓಡುವ ಅಕ್ಷರಗಳಲ್ಲಿ. ಮನುಷ್ಯರೇ ಇಲ್ಲದ ಸಮುದ್ರಕ್ಕೆ ಇಡೀ ದಿನ, ನಮ್ಮ ತೊಗರಿಗೆ ಅರ್ಧ ಸಾಲು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಇಲ್ಲಿ ಚಂಡಮಾರುತ ತೋರಿಸುವುದಕ್ಕೆ ಒಂದು ಪದ್ಧತಿಯೇ ಇದೆ. ವರದಿಗಾರ ರೇನ್‌ಕೋಟ್ ಹಾಕಿಕೊಂಡು ಕಡಲ ದಂಡೆಗೆ ಹೋಗಿ ನಿಲ್ಲಬೇಕು. ಬಾಗಬೇಕು, ತೂರಾಡಬೇಕು. "ಎಲ್ಲರೂ ಒಳಗಿರಿ" ಅಂತ ಹೊರಗೆ ನಿಂತು ಕೂಗಬೇಕು. 2018ರಲ್ಲಿ ಫ್ಲಾರೆನ್ಸ್ ಬಂದಾಗ ವಿಲ್ಮಿಂಗ್ಟನ್‌ನಿಂದ ಹೀಗೇ ಒಬ್ಬ ವರದಿಗಾರ ಗಾಳಿಗೆ ಎದೆಕೊಟ್ಟು ಒದ್ದಾಡುತ್ತಿದ್ದ. ಅವನ ಬೆನ್ನ ಹಿಂದೆ ಇಬ್ಬರು ಆರಾಮಾಗಿ ನಡೆದುಕೊಂಡು ಹೋದರು! ದೇಶವೆಲ್ಲ ನಕ್ಕಿತು. ಅವನು ನಿಂತದ್ದು ಒದ್ದೆ ಹುಲ್ಲಿನ ಮೇಲೆ, ಅವರು ನಡೆದದ್ದು ಕಾಂಕ್ರೀಟ್ ಮೇಲೆ ಅಂತ ಚಾನೆಲ್ ಸಮಜಾಯಿಷಿ ಕೊಟ್ಟಿತು. ಇರಬಹುದು ಬಿಡಿ.

ನನ್ನ ತಕರಾರು ನಾಟಕದ ಬಗ್ಗೆ ಅಷ್ಟೇನಿಲ್ಲ. ಆ ನಾಟಕದಲ್ಲಿ ಗಾಳಿಗೇ ದೊಡ್ಡ ಪಾತ್ರ. ಕ್ಯಾಟಗರಿ ಅಳೆಯುವುದು ಗಾಳಿಯ ವೇಗ ಒಂದನ್ನೇ. ಜನ ಜಾಸ್ತಿ ಸಾಯುವುದು ನೀರಿಗೆ. ಅದೇ ಫ್ಲಾರೆನ್ಸ್ ದಡ ಹತ್ತುವಾಗ ಕ್ಯಾಟಗರಿ 1ಕ್ಕೆ ಇಳಿದಿತ್ತು. ಆಮೇಲೆ ಅಲ್ಲೇ ತಳವೂರಿ, ಕೆಲವು ಕಡೆ 750 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಸಿತು. ಕಲಬುರಗಿಯಲ್ಲಿ ವರ್ಷವಿಡೀ ಬೀಳುವ ಮಳೆ ಹೆಚ್ಚುಕಡಿಮೆ ಅಷ್ಟೇ.

ಕ್ಯಾಮೆರಾ ಒಂದು ಕಡೆ, ಸಾವು ಇನ್ನೊಂದು ಕಡೆ. ಇದನ್ನು ಇಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. 2022ರ ಇಯಾನ್‌ಗೆ ಎಲ್ಲರೂ ಟ್ಯಾಂಪಾಕ್ಕೆ ಬಂದು ಕೂತರು. ಅದು ದಕ್ಷಿಣಕ್ಕೆ ಹೊರಳಿ ಫೋರ್ಟ್ ಮೈಯರ್ಸ್ ದಂಡೆಯನ್ನು ನೆಲಸಮ ಮಾಡಿತು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಫ್ಲಾರಿಡಾಕ್ಕೆ ಅಪ್ಪಳಿಸುವುದನ್ನು ಲೈವ್ ನೋಡಿದೆವು. ನೂರಕ್ಕೂ ಹೆಚ್ಚು ಜನ ಸತ್ತದ್ದು ಸಮುದ್ರದಿಂದ ಎಷ್ಟೋ ದೂರದ ಉತ್ತರ ಕೆರೊಲಿನಾದಲ್ಲಿ, ಅದರಲ್ಲೂ ಆಶ್‌ವಿಲ್ ಸುತ್ತಲಿನ ಗುಡ್ಡಗಳ ಹಳ್ಳಹೊಳೆಗಳಲ್ಲಿ. ಎರಡೇ ವಾರಕ್ಕೆ ಮಿಲ್ಟನ್. "ಖಾಲಿ ಮಾಡಿ ಅಂದ ಜಾಗದಲ್ಲೇ ಉಳಿದರೆ ಸಾಯುತ್ತೀರಿ" ಅಂತ ನಮ್ಮ ಮೇಯರ್ ಟೀವಿಯಲ್ಲಿ ನೇರವಾಗಿ ಹೇಳಿದರು. ಊರಿನಿಂದ ಅವ್ವನ ಫೋನ್: "ತಮ್ಮಾ, ನಿಮ್ಮ ಊರ ಪೂರಾ ಹಾರಿ ಹೋಗ್ತದಂತ ಟೀವಿದಾಗ ತೋರ್ಸಲತ್ತಾರಲ್ಲೊ!" ಕನ್ನಡ ಚಾನೆಲ್‌ಗೆ ಫ್ಲಾರಿಡಾ ಅಂದರೆ ಎಷ್ಟು ಕಾಳಜಿ ನೋಡಿ. ಚಂಡಮಾರುತ ಅಕ್ಟೋಬರ್ 9ರ ರಾತ್ರಿ ನಮ್ಮ ದಕ್ಷಿಣಕ್ಕೆ, ಸಿಯೆಸ್ಟಾ ಕೀ ಹತ್ತಿರ ದಡ ಹತ್ತಿತು. ಟ್ಯಾಂಪಾ ಕೊಲ್ಲಿಯೊಳಗೆ ಸಮುದ್ರ ನುಗ್ಗುವ ಬದಲು ಇದ್ದ ನೀರೇ ಹೊರಗೆ ಸರಿಯಿತು. ಅಂದು ಮಧ್ಯಾಹ್ನವೇ ರಾಜ್ಯದ ಇನ್ನೊಂದು ದಂಡೆಯ ಸೇಂಟ್ ಲೂಸಿ ಕೌಂಟಿಯಲ್ಲಿ ಸುಂಟರಗಾಳಿಗೆ 6 ಜನ ಸತ್ತಿದ್ದರು. ಕ್ಯಾಮೆರಾಗಳೆಲ್ಲ ಈ ಕಡೆ ಇದ್ದವು.

ನಮ್ಮ ಊರಲ್ಲಿ ಹೊಳೆ ಏರುವಾಗ ಯಾರೂ ಟೀವಿ ಹಚ್ಚುವುದಿಲ್ಲ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಸೊನ್ನದಿಂದ ಎಷ್ಟು ಬಿಟ್ಟಾರ?" ಭೀಮೆಗೆ ಕಟ್ಟಿದ ಸೊನ್ನ ಬ್ಯಾರೇಜಿನ ಕ್ಯೂಸೆಕ್ ಲೆಕ್ಕ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಅಂತ. ಅದಕ್ಕೂ ಮೊದಲು ಮೇಲೆ ಮಹಾರಾಷ್ಟ್ರದಲ್ಲಿರುವ ಉಜನಿ ಡ್ಯಾಮಿನ ಲೆಕ್ಕ. ಸೊಲ್ಲಾಪುರ ಕಡೆಯ ಬೀಗರು ಫೋನ್ ಮಾಡಿ ಹೇಳುತ್ತಾರೆ, ಅಲ್ಲಿಂದ ಊರಿಂದೂರಿಗೆ ಮಾತು ಇಳಿದು ಬರುತ್ತದೆ. ಒಂದು ಲಕ್ಷ ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡು ಅಂದರೆ ದಂಡೆಯ ಮೋಟರ್ ಎತ್ತಬೇಕು. ಅಣ್ಣ ಮತ್ತು ಪಕ್ಕದ ಹೊಲದ ಕಾಕಾ ಮೊದಲು ಸ್ಟಾರ್ಟರ್ ಪೆಟ್ಟಿಗೆ ಬಿಚ್ಚುತ್ತಾರೆ. ಆಮೇಲೆ ಮೋಟರಿಗೆ ಹಗ್ಗ ಬಿಗಿದು, ಅಡಿಗೆ ಬಿದಿರಿನ ಗಳ ಕೊಟ್ಟು, ಕೆಸರಿನಲ್ಲಿ ಜಾರುತ್ತ ದಿಬ್ಬಕ್ಕೆ ಎಳೆಯುತ್ತಾರೆ. ಪೈಪಿಗೆ ಕೈ ಹಚ್ಚುವುದು ಸಮಯ ಉಳಿದರೆ ಮಾತ್ರ. ಮೂರು ಅಂದರೆ ದನ ಬಿಚ್ಚಿ ಊರ ಮೇಲಿನ ಶಾಲೆಗೆ.

ಆ ಸೆಪ್ಟೆಂಬರ್‌ನಲ್ಲಿ ಕೊನೆಗೂ ಫೋನ್ ಹತ್ತಿದಾಗ ಅಣ್ಣ ಹೇಳಿದ್ದು ಇಷ್ಟೇ: "ಮೂರು ಲಕ್ಷ ದಾಟ್ಯಾದಂತ. ಇಪ್ಪತ್ತನೇ ಸಾಲಿನಾಗ ಬಂದಷ್ಟು ಬರಂಗಿಲ್ಲ ಬಿಡು." ನನಗೆ ಬೇಕಾದದ್ದೆಲ್ಲ ಅದರಲ್ಲಿ ಇತ್ತು. ನೀರು ಎಷ್ಟು, ಯಾವ ವರ್ಷಕ್ಕೆ (2020ಕ್ಕೆ) ಹೋಲಿಸಬೇಕು, ಮನೆ ಉಳಿಯುತ್ತದೋ ಇಲ್ಲವೋ. ಇಲ್ಲಿನ ಚಾನೆಲ್‌ನಲ್ಲಿ ಇಡೀ ಸಂಜೆ ಕೂತರೂ ಇಷ್ಟು ಸಿಗುವುದಿಲ್ಲ. ರೇನ್‌ಕೋಟ್ ಅಂತೂ ಸಿಗುತ್ತದೆ.

ಇನ್ನು ಹವಾಮಾನ ಬದಲಾವಣೆ. ಇಲ್ಲಿ ಪ್ರತಿ ಚಂಡಮಾರುತಕ್ಕೂ ಕೊನೆಯಲ್ಲಿ ಅದನ್ನೊಂದು ಸೇರಿಸುವುದು ವಾಡಿಕೆ ಆಗಿದೆ. ಮಿಲ್ಟನ್ ದಾಟಿ ಎರಡೇ ದಿನಕ್ಕೆ, ಭೂಮಿ ಬಿಸಿಯಾದದ್ದರಿಂದ ಮಳೆ ಶೇಕಡಾ 20ರಿಂದ 30ರಷ್ಟು ಹೆಚ್ಚಾಯಿತು ಎಂಬ ಲೆಕ್ಕ ಹೊರಬಿತ್ತು. ವಿಜ್ಞಾನಿಗಳು ಇದು ಅವಸರದ ಅಂದಾಜು ಅಂತಲೇ ಹೇಳಿ ಕೊಡುತ್ತಾರೆ. ಟೀವಿಗೆ ಬರುವಷ್ಟರಲ್ಲಿ ಆ ಮಾತು ಉದುರಿ ಹೋಗಿರುತ್ತದೆ. ಹವಾಮಾನ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ 2021ರ ವರದಿ ಎಷ್ಟು ಅಳೆದು ತೂಗಿ ಮಾತಾಡುತ್ತದೆ ನೋಡಿ. ಒಟ್ಟು ಚಂಡಮಾರುತಗಳ ಸಂಖ್ಯೆ ಬಹುಕಾಲದಿಂದ ಏರುತ್ತಿದೆ ಅಂತ ಗಟ್ಟಿಯಾಗಿ ಹೇಳಲು ಆಗದು. ಬಂದವುಗಳಲ್ಲಿ ದೊಡ್ಡವುಗಳ ಪಾಲು ಕಳೆದ 40 ವರ್ಷಗಳಲ್ಲಿ ಬಹುಶಃ ಹೆಚ್ಚಿದೆ. ಮಳೆಯಂತೂ ಜಾಸ್ತಿ ಆಗುತ್ತದೆ, ಯಾಕೆಂದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳುತ್ತದೆ. ಇಷ್ಟನ್ನು ಟೀವಿಯಲ್ಲಿ ಹೇಳಿದರೆ ಯಾರು ನೋಡುತ್ತಾರೆ?

2005ರ ವಿಲ್ಮಾ ಆದ ಮೇಲೆ 2017ರ ಹಾರ್ವಿವರೆಗೆ ಕ್ಯಾಟಗರಿ 3 ಅಥವಾ ಅದಕ್ಕೂ ಮೇಲಿನ ಒಂದೇ ಒಂದು ಚಂಡಮಾರುತವೂ ಅಮೆರಿಕದ ದಡ ಹತ್ತಲಿಲ್ಲ. ಹೆಚ್ಚುಕಡಿಮೆ 12 ವರ್ಷ. ಆಗ ಭೂಮಿ ತಣ್ಣಗಾಗಿತ್ತಾ? ಇಲ್ಲವಲ್ಲ. ಬಿರುಗಾಳಿ ಬಂದಾಗ ಮಾತ್ರ ಹವಾಮಾನದ ಮಾತು ತೆಗೆದರೆ, ಬಾರದ ವರ್ಷ ಜನ "ಎಲ್ಲ ಸುಮ್ನೆ ಹೇಳಿದ್ರು" ಅನ್ನುತ್ತಾರೆ. ನಮ್ಮ ಆಫೀಸಿನಲ್ಲಿ ಹೀಗೆ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರನ್ನು ಹಾಗೆ ಮಾಡಿದ ಚಾನೆಲ್‌ಗಳ ಮೇಲಿದೆ.

ನಮ್ಮ ಕಡೆ ಈ ಮಾತೇ ಇಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮೆ ಅಷ್ಟು ಉಕ್ಕಿದ್ದು ಯಾಕೆ ಅಂತ ಊರಲ್ಲಿ ಕೇಳಿ. "ಮಹಾರಾಷ್ಟ್ರದವರು ನೀರು ಬಿಟ್ಟರು" ಅನ್ನುತ್ತಾರೆ. ಬಿಟ್ಟದ್ದು ನಿಜ. ಆದರೆ ಆ ಮಳೆ ಹೊತ್ತು ತಂದದ್ದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ. ಅಕ್ಟೋಬರ್ 13ಕ್ಕೆ ಕಾಕಿನಾಡ ಹತ್ತಿರ ದಡ ಹತ್ತಿ, ಹೈದರಾಬಾದ್ ಮುಳುಗಿಸಿ, ನಮ್ಮ ತಲೆಯ ಮೇಲೆ ಹಾದು ಸೊಲ್ಲಾಪುರದ ಕಡೆ ಹೋಯಿತು. ಚಂಡಮಾರುತ ಅನ್ನುವಷ್ಟು ಗಾಳಿ ಇರಲಿಲ್ಲ, ಹಾಗಾಗಿ ಹೆಸರು ಇಡಲಿಲ್ಲ. ಹೆಸರಿಲ್ಲದ್ದನ್ನು ಯಾವ ಚಾನೆಲ್ ನೆನಪಿಡುತ್ತದೆ? ಟೀವಿಯವರು ಬಂದದ್ದು ಹೆಲಿಕಾಪ್ಟರ್ ಹಿಂದೆ. ವೈಮಾನಿಕ ಸಮೀಕ್ಷೆ, ಪರಿಹಾರದ ಭರವಸೆ, ಮುಗೀತು.

ಇಷ್ಟೆಲ್ಲ ಬೈದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಮಿಲ್ಟನ್ ದಡ ಹತ್ತಿದ ಜಾಗ ದಿನಗಳ ಮೊದಲೇ ಮುನ್ಸೂಚನೆಯಲ್ಲಿ ಹಾಕಿದ ಗೆರೆಗೆ ತೀರ ಹತ್ತಿರವಿತ್ತು. ಮೇಯರ್ ಹೆದರಿಸಿದ್ದಕ್ಕೆ ತಗ್ಗಿನ ಓಣಿಗಳು ಖಾಲಿಯಾದವು. ಚಂಡಮಾರುತ ಇನ್ನೊಂದಿಷ್ಟು ಉತ್ತರಕ್ಕೆ ಬಂದಿದ್ದರೆ ನೀರು ಆ ಮನೆಗಳಿಗೇ ನುಗ್ಗುತ್ತಿತ್ತು. ನಮ್ಮ ಸೊನ್ನದ ಲೆಕ್ಕ ಹೊಳೆ ದಂಡೆಯವರಿಗೆ ಮಾತ್ರ ಉಪಯೋಗ. ಮಳಖೇಡದ ಹತ್ತಿರ ಕಾಗಿಣಾ ನದಿ ಉಕ್ಕಿದರೆ, ರಾತ್ರೋರಾತ್ರಿ ಹಳ್ಳ ಬಂದರೆ, ಯಾರ ಬೀಗರೂ ಮುಂಚೆ ಫೋನ್ ಮಾಡುವುದಿಲ್ಲ. ಸೊಲ್ಲಾಪುರದಲ್ಲಿ ಬೀಗರಿಲ್ಲದವನ ಗತಿ ಏನು ಅಂತಲೂ ನಾನು ಯೋಚಿಸಿರಲಿಲ್ಲ.

ದೀಪಾವಳಿಗೆ ಅಣ್ಣನ ಜೊತೆ ಫೋನಿನಲ್ಲಿ ಇದೇ ವಾದ. ಸಮುದ್ರ ಬಿಸಿಯಾಗಿದೆ, ಇಂಥ ಮಳೆ ಮತ್ತೆ ಮತ್ತೆ ಬರಬಹುದು ಅಂತ ನಾನು ಹೇಳುತ್ತಿದ್ದೆ. ಅವನು ಎಲ್ಲ ಕೇಳಿಸಿಕೊಂಡು, "ಹಂಗಾದ್ರ ಬರೋ ಸಾಲಿಗೆ ಹೊಳಿ ಕಡಿ ಹೊಲಕ್ಕ ತೊಗರಿ ಹಾಕ್ಲೋ, ಬ್ಯಾಡೋ? ಅದು ಹೇಳು" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಪ್ರಶ್ನೆಯನ್ನು ನನ್ನ ಟೀವಿಯೂ ಕೇಳಿಲ್ಲ, ಅವನ ಟೀವಿಯೂ ಕೇಳಿಲ್ಲ. ಅಲ್ಲಿ ಕಬ್ಬು ಹಚ್ಚುತ್ತಾನಂತೆ, ನೀರು ನಿಂತರೂ ತೊಗರಿಯ ಹಾಗೆ ಸಾಯುವುದಿಲ್ಲ ಅಂತ. 2024ರ ಬೇಸಿಗೆಯಲ್ಲಿ ಅದೇ ಭೀಮೆ ಬತ್ತಿ ಕುಡಿಯುವ ನೀರಿಗೂ ಗದ್ದಲ ಆಗಿತ್ತಲ್ಲ ಅಂದೆ. "ಅದು ಆಗಿನ ಮಾತು ಆಗ ನೋಡಮ್" ಅಂದು ಫೋನನ್ನು ಅವ್ವನ ಕೈಗೆ ಕೊಟ್ಟ.