ಸದ್ದೇ ಬಾರದ ಕಂಪ್ಯೂಟರು

ತೀರ್ಥಹಳ್ಳಿ ಕಡೆ ಸಿಡಿಲು ಬಡಿದರೆ ಸಾಮಾನ್ಯವಾಗಿ ಮೋಡೆಮ್ ಸುಡುತ್ತದೆ. ಈ ಸಲ ಮದರ್‌ಬೋರ್ಡ್‌ನ ಸೌಂಡ್ ಚಿಪ್ ಹೋಯಿತು. ಹೋಗಲಿ ಅಂತ ಶಿವಮೊಗ್ಗದಿಂದ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ತರಿಸಿದೆ. ಸ್ಪೀಕರ್‌ನ ಹಸಿರು ಪಿನ್ ಅದಕ್ಕೆ ಚುಚ್ಚಿದೆ. ಪರದೆಯಲ್ಲಿ ವಾಲ್ಯೂಮ್ ಗೆರೆ ಕುಣಿಯುತ್ತಿದೆ, ಸ್ಪೀಕರ್ ಮಾತ್ರ ಗಪ್‌ಚುಪ್. ನೋಡಿದರೆ ವಿಂಡೋಸ್ ಮಹಾಶಯ ಸದ್ದನ್ನೆಲ್ಲ, ಚಿತ್ರ-ಸದ್ದು ಎರಡನ್ನೂ ಹೊರುವ ಎಚ್‌ಡಿಎಂಐ ಕೇಬಲ್‌ನಲ್ಲಿ ಮಾನಿಟರ್‌ಗೆ ಕಳಿಸುತ್ತಿದ್ದಾನೆ. ಆ ಮಾನಿಟರ್‌ಗೆ ಸ್ಪೀಕರೇ ಇಲ್ಲ ಮಾರಾಯ್ರೇ!

ಸದ್ದು ಎಲ್ಲಿಗೆ ಹೋಗಬೇಕು ಅನ್ನೋ ಡಿಫಾಲ್ಟ್ ಆಯ್ಕೆ ಬದಲಾಯಿಸಿದೆ, ಹಾಡು ಬಂತು. ಕರೆಂಟ್ ಹೋಗಿ ಬಂತು, ಮತ್ತೆ ಮಾನಿಟರ್‌ಗೇ! ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ಗೊತ್ತಲ್ವಾ? ಸತ್ತ ಚಿಪ್ ಬೇರೆ ಸೌಂಡ್ ಸಾಧನಗಳ ಪಟ್ಟಿಯಲ್ಲಿ ಕೂತು ಹಲ್ಲು ಕಿರಿಯುತ್ತಿತ್ತು. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಅದನ್ನು ಆಫ್ ಮಾಡಿ, ವಿಂಡೋಸ್‌ನ ಸಾಧನಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರ್‌ನಲ್ಲಿ ಎಚ್‌ಡಿಎಂಐ ಆಡಿಯೋ ಬಾಯಿಯನ್ನೂ ಮುಚ್ಚಿಸಿದ ಮೇಲೇ ನೆಟ್ಟಗಾಗಿದ್ದು. ಸುಮ್ನೆ ಒಂದು ಹಾಡು ಕೇಳೋಕೆ ಇಷ್ಟೆಲ್ಲ ಬೇಕಾ?