ಎಂಗೇಜ್‌ಮೆಂಟ್ ಆಯ್ತು, ಮದುವೆ ಯಾವಾಗ?

ಬೆಳಿಗ್ಗೆ ನಮ್ಮ ಕಲಬುರಗಿ ಜಿಲ್ಲೆಯ ಒಂದು ಫ್ಯಾಕ್ಟರಿ ಗೇಟಿಗೆ ಹೋಗಿದ್ದೆ. ಮನೆಗೆ ಬಂದು ಎರಡು ರೊಟ್ಟಿ ತಿಂದರೂ ಸಿಟ್ಟು ಇಳಿದಿಲ್ಲ.

ನಮ್ಮ ಓಣಿಯ ಹುಡುಗ ಅಲ್ಲಿ ಎಂಟು ವರ್ಷದಿಂದ ಕಾಂಟ್ರ್ಯಾಕ್ಟ್ ಮೇಲೆ ಇದ್ದಾನೆ. ತಂಗಿ ಮದುವೆಗೆ ಪಿಎಫ್ ತೆಗೆಯಬೇಕು. ಅವನ ಹೆಸರು ಪಿಎಫ್‌ನಲ್ಲಿ ಮಾದೇವಪ್ಪ, ಆಧಾರ್‌ನಲ್ಲಿ ಮಹಾದೇವಪ್ಪ. ತಿದ್ದುಪಡಿಗೆ ನಾಲ್ಕು ಸಲ ಅಲೆದಿದ್ದಾನೆ. ನೌಕರರ ವಿಷಯ ನೋಡಿಕೊಳ್ಳುವ ಎಚ್‌ಆರ್ ವಿಭಾಗದ ಉತ್ತರ ಒಂದೇ: ‘ನಿಮ್ಮ ಕಾಂಟ್ರ್ಯಾಕ್ಟರ್‌ನ ಕೇಳಿ.’ ಆ ಪುಣ್ಯಾತ್ಮ ಫೋನೇ ಎತ್ತುವುದಿಲ್ಲ.

ಒಳಗೆ ಬಲೂನು, ಮ್ಯೂಸಿಕಲ್ ಚೇರ್. ‘ಇವತ್ತ ಎಂಪ್ಲಾಯೀ ಎಂಗೇಜ್‌ಮೆಂಟ್ ಅದರಿ, ಸಾಹೇಬ್ರೆಲ್ಲಾ ಬಿಜಿ’ ಅಂದ ಸೆಕ್ಯೂರಿಟಿ. ಅಂದರೆ ನೌಕರರನ್ನು ಹುರಿದುಂಬಿಸುವ ಕಾರ್ಯಕ್ರಮ. ನಮ್ಮ ಹುಡುಗ ನನ್ನ ಕಡೆ ತಿರುಗಿ, ‘ಯಾರದ್ರಿ ಕಾಕಾ ಎಂಗೇಜ್‌ಮೆಂಟು?’ ಅಂತ ಕೇಳಿದ. ಚೇಷ್ಟೆಯಲ್ಲ, ನಿಜವಾಗಿಯೂ ಕೇಳಿದ. ನಿಂದೇ ಕಣಪ್ಪಾ, ಎಂಟು ವರ್ಷದ ಹಿಂದೇ ಆಗಿದೆ. ಮದುವೆ ಮಾತ್ರ ಇಲ್ಲ, ಪರ್ಮನೆಂಟ್ ಮಾಡಲ್ಲ ಅಲ್ವಾ!

ನಾನೂ 28 ವರ್ಷ ಇದೇ ಎಚ್‌ಆರ್ ಕೆಲಸ ಮಾಡಿದವನು. ಈ ಕೆಲಸ ಹುಟ್ಟಿದ್ದು ಯಾಕೆ ಅಂತ ಈಗಿನವರಿಗೆ ಯಾರಾದರೂ ಹೇಳಿಕೊಟ್ಟಿದ್ದಾರಾ? ಆಗ ಗಿರಣಿಗಳಲ್ಲಿ ಆಳು ತರುವವನು ಜಾಬರ್, ಲಂಚ ತಿನ್ನುವವನೂ ಅವನೇ, ಕೆಲಸದಿಂದ ತೆಗೆಯುವವನೂ ಅವನೇ. ಆ ಅಧಿಕಾರ ಅವನ ಕೈಯಿಂದ ಕಿತ್ತು ಲೇಬರ್ ಆಫೀಸರ್‌ಗಳನ್ನು ಇಡಿ ಅಂತ 1931ರಲ್ಲಿ, ಕಾರ್ಮಿಕರ ಸ್ಥಿತಿಗತಿ ನೋಡಲು ಬ್ರಿಟಿಷರು ನೇಮಿಸಿದ್ದ ವಿಟ್ಲಿ ಆಯೋಗ ಹೇಳಿತು. 1948ರ ಫ್ಯಾಕ್ಟರಿ ಕಾಯ್ದೆಯ 49ನೇ ಸೆಕ್ಷನ್ 500 ಕಾರ್ಮಿಕರಿದ್ದ ಕಡೆ ವೆಲ್‌ಫೇರ್ ಆಫೀಸರ್ ಇರಲೇಬೇಕು ಅಂತು. 1975ರಲ್ಲಿ ಮ್ಯಾನೇಜ್‌ಮೆಂಟ್ ಪ್ರೊಫೆಸರ್‌ಗಳಾದ ಉದಯ್ ಪಾರೀಕ್, ಟಿ.ವಿ. ರಾವ್ ಎಲ್ ಅಂಡ್ ಟಿ ಕಂಪನಿಗೆ ಎಚ್‌ಆರ್‌ಡಿ, ಅಂದರೆ ಮಾನವ ಸಂಪನ್ಮೂಲ ಅಭಿವೃದ್ಧಿ ವಿಭಾಗ ರೂಪಿಸಿಕೊಟ್ಟರು. ಬೋರ್ಡಿನ ಮೇಲಿನ ಹೆಸರು ಲೇಬರ್ ಹೋಗಿ ಪರ್ಸನೆಲ್ (ಸಿಬ್ಬಂದಿ) ಆಯ್ತು, ಪರ್ಸನೆಲ್ ಹೋಗಿ ಎಚ್‌ಆರ್ ಆಯ್ತು. ಇಷ್ಟೆಲ್ಲಾ ಆಗಿ ‘ಕಾಂಟ್ರ್ಯಾಕ್ಟರ್‌ನ ಕೇಳು’ ಅಂದರೆ? ಹಳೇ ಜಾಬರ್ ಬೊಲೆರೋ ಹತ್ತಿ ವಾಪಸ್ ಬಂದ ಅಂತಷ್ಟೇ. ಕಾಂಟ್ರ್ಯಾಕ್ಟ್ ಕಾರ್ಮಿಕರ ಪಿಎಫ್‌ಗೆ ಮೂಲ ಮಾಲೀಕನೂ ಜವಾಬ್ದಾರ ಅನ್ನುವ ಕಾನೂನು ಇವರು ಓದಿಲ್ಲವೇ? ಓದಿರುತ್ತಾರೆ, ಪರೀಕ್ಷೆಗೆ.

ಬೆಂಗಳೂರಲ್ಲಿ ಎಚ್‌ಆರ್ ಆಗಿರುವ ನನ್ನ ಅಳಿಯ ಹೇಳುತ್ತಾನೆ: ‘ಮಾಮಾ, ಈಗ ಎಲ್ಲಾ ಸಾಫ್ಟ್‌ವೇರ್, ಡೇಟಾ. ನಿಮ್ಮ ಕಾಲ ಬೇರೆ.’ ಒಪ್ಪಿದೆ. ಪಗಾರದ ಕವರ್ ತುಂಬುತ್ತಾ ರಾತ್ರಿ ಹತ್ತಾಗುತ್ತಿದ್ದ ದಿನಗಳು ನನಗೂ ವಾಪಸ್ ಬೇಡ. ಆದರೆ ಮಾದೇವಪ್ಪ, ಮಹಾದೇವಪ್ಪ ಇಬ್ಬರೂ ಒಬ್ಬನೇ ಅಂತ ಬರೆದು ಸಹಿ ಮಾಡೋಕೆ ಯಾವ ಡೇಟಾ ಬೇಕು? ಹೊರಗೆ ಬಂದು ಅವನ ಮುಖ ನೋಡಿದರೆ ಸಾಕಿತ್ತು.

ನಾನೇನು ಸಾಚಾ ಅಲ್ಲ. ಒಮ್ಮೆ ಹನ್ನೊಂದು ದಿನ ರಜಾ ಹೇಳದೆ ಹೋದವನ ಮೇಲೆ ಎನ್‌ಕ್ವೈರಿ ನಡೆಸಿದೆ. ಅವನ ಹೆಂಡತಿ ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದಳು, ನನಗೆ ಗೊತ್ತಿತ್ತು. ಮೇಲಿನವರಿಗೆ ಬೇಕಾದದ್ದನ್ನೇ ಬರೆದು ಕೊಟ್ಟೆ, ಅವನ ಕೆಲಸ ಹೋಯಿತು. ಈಗಲೂ ಸೂಪರ್ ಮಾರ್ಕೆಟ್ ಏರಿಯಾದಲ್ಲಿ ಸಿಕ್ಕರೆ ‘ಶರಣ್ರಿ ಸಾಹೇಬ್ರ’ ಅನ್ನುತ್ತಾನೆ. ದೂರದಿಂದಲೇ ಕಂಡರೆ ನಾನು ರಸ್ತೆ ದಾಟಿಬಿಡುತ್ತೇನೆ.

ಮ್ಯೂಸಿಕಲ್ ಚೇರ್ ಮುಗಿಯುವ ತನಕ ಕಾದೆವು. ಆಮೇಲೆ ಎಚ್‌ಆರ್ ಸಾಹೇಬರು ಊಟಕ್ಕೆ ಹೋದರು. ಸೋಮವಾರ ಮತ್ತೆ ಹೋಗುತ್ತೇವೆ. ಈ ಸಲ ಆ ಪಿಎಫ್ ಕಾನೂನಿನ ಜೆರಾಕ್ಸ್ ಜೊತೆಗಿರುತ್ತದೆ.